ರುಚಿಯೊಂದೇ ಗುರುತು

ಆ ಹಾಳೆಯಲ್ಲಿ ಎರಡೇ ಹೆಸರುಗಳಿದ್ದವು. ಮೊದಲನೆಯದು ಡಾ. ಬಸಯ್ಯ ಅವರದು, ಎರಡನೆಯದು ಅವರ ಶಿಷ್ಯೆ ಶೈಸ್ತಾಳದು. ಅನಿಕೇತ ಮೂರನೆಯ ಹೆಸರಿಗಾಗಿ ಹಾಳೆಯನ್ನು ತಿರುವಿ ನೋಡಿದ. ಪ್ರಿಂಟರಿನ ಬಾಯಲ್ಲಿ ಇನ್ನೊಂದು ಹಾಳೆ ಸಿಕ್ಕಿಕೊಂಡಿರಬಹುದೆಂದು ಬಗ್ಗಿ ಬೆರಳು ತೂರಿಸಿಯೂ ನೋಡಿದ. ಕೈಗೆ ಮಸಿ ಹತ್ತಿತೇ ಹೊರತು ಹೆಸರು ಸಿಗಲಿಲ್ಲ.

ಅದು ಒಂದು ಪ್ರಬಂಧದ ಮೊದಲ ಪುಟ. ಖಾನಾಪುರದ ಕಾಡಿನಲ್ಲಿ ಕಾಸರಕದ ಕುಲಕ್ಕೆ ಸೇರಿದ ಹೊಸ ಮರವೊಂದು ಸಿಕ್ಕಿದೆ ಎಂದು ಲೋಕಕ್ಕೆ ಸಾರುವ ಪ್ರಬಂಧ. ಮರದ ಹೆಸರಿರಬೇಕಾದ ಜಾಗದಲ್ಲಿ ಕುಲದ ಹೆಸರು ಮಾತ್ರ ಇತ್ತು: ಸ್ಟ್ರಿಕ್ನಾಸ್. ಅದರ ಮುಂದೆ ಬರೀ ಚುಕ್ಕೆಗಳ ಸಾಲು. ಮುದುಕ ಬಸಯ್ಯ ತನ್ನ ಗುರುವಿನ ಹೆಸರನ್ನೋ ತೀರಿಹೋದ ಹೆಂಡತಿಯ ಹೆಸರನ್ನೋ ತುಂಬಲು ಮುಹೂರ್ತ ನೋಡುತ್ತಿರಬೇಕು ಎಂದುಕೊಂಡ ಅನಿಕೇತ. ಮರ ಕಂಡವನು ತಾನು. ನಾಲ್ಕು ಮಳೆಗಾಲ ಅದರ ಬುಡದಲ್ಲಿ ಕೂತು ಎಲೆ, ಹೂವು, ಕಾಯಿ ಅಳೆದವನು ತಾನು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ಬೆಳಗಾವಿಯ ಆ ಕಾಲೇಜಿನಲ್ಲಿ ಅವನು ಸಸ್ಯಶಾಸ್ತ್ರದ ಅತಿಥಿ ಉಪನ್ಯಾಸಕ. ಹನ್ನೊಂದು ವರ್ಷ ಒಂದೇ ಮನೆಯಲ್ಲಿ ಉಳಿದ ಅತಿಥಿ ಲೋಕದಲ್ಲಿ ಇನ್ನೊಬ್ಬ ಇರಲಾರ. ಪ್ರತಿ ಜೂನ್‌ನಲ್ಲಿ ಅವನ ನೌಕರಿ ಸತ್ತು ಜುಲೈಯಲ್ಲಿ ಹುಟ್ಟುತ್ತಿತ್ತು. ಕಾಯಂ ಆದವರು ಮಾಡಲೊಲ್ಲದ ಪಾಠಗಳೆಲ್ಲ ಅವನ ಪಾಲಿಗೆ. ಮೊದಲ ವರ್ಷದವರಿಗೆ ಗಿಡಗಳಿಗೆ ಹೆಸರಿಡುವ ನಿಯಮಗಳನ್ನು ಕಲಿಸುವುದು, ಒಣಗಿಸಿದ ಎಲೆಗಳನ್ನು ಹಾಳೆಗೆ ಅಂಟಿಸುವುದು, ಪರೀಕ್ಷೆಯ ದಿನ ಬಾಗಿಲಲ್ಲಿ ನಿಲ್ಲುವುದು. ಹೊಸ ಮರವೊಂದಕ್ಕೆ ತನ್ನ ಹೆಸರು ಸೇರಿದರೆ ಸಾಕು, ಈ ಹನ್ನೊಂದು ವರ್ಷಕ್ಕೂ ಒಂದು ಅರ್ಥ ಬಂದೀತು ಎಂದು ಅವನು ಹೆಂಡತಿ ಸಮೃದ್ಧಿಗೆ ಎಷ್ಟು ಸಲ ಹೇಳಿದ್ದನೋ ಲೆಕ್ಕವಿಲ್ಲ. ಅವಳು ಪಾಪ, ಪ್ರತಿ ಸಲವೂ ಮೊದಲ ಸಲ ಕೇಳಿದಂತೆ ಕೇಳುತ್ತಿದ್ದಳು.

ಆ ಪುಟವನ್ನು ಅವನು ಇದ್ದಲ್ಲೇ ಇಟ್ಟು ಮನೆಗೆ ಬಂದ. ಸಮೃದ್ಧಿಗೆ ಹೇಳಲಿಲ್ಲ. ಊಟ ಸೇರಲಿಲ್ಲ. ಮೂರನೆಯ ದಿನ ಹಲ್ಲುಜ್ಜುವಾಗ, ಬಸಯ್ಯ ಸಾಯಬೇಕು ಎಂಬ ಮಾತು ಅವನ ತಲೆಯಲ್ಲಿ ಬಹಳ ಸಹಜವಾಗಿ ಬಂದು ಕೂತಿತು. ಅದನ್ನು ಎಬ್ಬಿಸಿ ಕಳಿಸಲು ಅವನಿಗೆ ಮನಸ್ಸೂ ಬರಲಿಲ್ಲ.

ಕಾಸರಕದ ಕುಲದ್ದು ವಿಚಿತ್ರ ಸಂಸಾರ. ಅಣ್ಣ ಕಾಸರಕ, ಕಿತ್ತಳೆ ಬಣ್ಣದ ಚೆಂದದ ಹಣ್ಣು, ಒಳಗೆ ಗುಂಡಿಯಾಕಾರದ ಬೀಜ, ಬೀಜದೊಳಗೆ ಸಾವು. ತಮ್ಮ ಚಿಲ್ಲ, ಅವನ ಬೀಜವನ್ನು ನೀರಿನ ಕೊಡದ ಒಳಮೈಗೆ ತಿಕ್ಕಿದರೆ ಮಲಪ್ರಭೆಯ ರಾಡಿ ನೀರೂ ತಿಳಿಯಾಗುತ್ತದೆ. ಅನಿಕೇತ ಕಂಡದ್ದು ಮೂರನೆಯವನನ್ನು. ನೋಡಲು ಥೇಟ್ ಅಣ್ಣನೇ; ಅದೇ ಹಣ್ಣು, ಅದೇ ಬಣ್ಣ, ಅದೇ ಗಟ್ಟಿ ಸಿಪ್ಪೆ. ಆದರೆ ತಿಂದರೆ ಸಿಹಿ.

ಕಂಡದ್ದು ಅಂದರೆ, ಖರೇ ಹೇಳಬೇಕೆಂದರೆ, ತೋರಿಸಿದವಳು ಗುಂಜಿಯ ಭರಮವ್ವ. ನಾಲ್ಕು ವರ್ಷದ ಹಿಂದೆ ಗುಂಜಿ ಸ್ಟೇಷನ್ನಿನಲ್ಲಿಳಿದು ಕಾಡಿನ ಅಂಚಿಗೆ ನಡೆದುಹೋದಾಗ ಆಕೆ ಕಟ್ಟಿಗೆ ಹೊರೆ ಇಳಿಸಿ ಮರದ ಬುಡದಲ್ಲಿ ಕೂತು ಆ ಹಣ್ಣು ತಿನ್ನುತ್ತಿದ್ದಳು. ಅನಿಕೇತ ಗಾಬರಿಯಾಗಿ ಓಡಿದ್ದ.

"ಅಯ್ಯ, ಉಗುಳ ಯವ್ವಾ, ಕಾಸರಕ ಅದು."

"ಕಾಸರಕ ಅಲ್ರೀ ಸಾಹೇಬ್ರ. ಅದರ ತಮ್ಮ ಇದು. ನಮ್ಮ ಅಜ್ಜಿ ಕಾಲದಿಂದ ತಿಂತೇವಿ."

"ಎರಡೂ ಒಂದ ನಮೂನಿ ಅದಾವು. ನಿನಗ ಹೆಂಗ ಗೊತ್ತಾಗತೈತಿ?"

"ನಾಲಿಗಿಗೆ ಹಚ್ಚಿದ್ರ ಗೊತ್ತಾಗತೈತಿ. ಇನ್ನ ಹೆಂಗ ಗೊತ್ತಾಗಬೇಕು," ಎಂದು ಆಕೆ ಇನ್ನೊಂದು ಹಣ್ಣು ಒಡೆದಿದ್ದಳು.

ಬೆಳಗಾವಿಗೆ ಮರಳಿದ ಮೇಲೆ ಬಸಯ್ಯ ಸರ್ ಕೇಳಿದ ಮೊದಲ ಪ್ರಶ್ನೆ, "ಯಾರರ ತೋರಿಸಿದ್ರೋ, ನೀನ ಕಂಡ್ಯೋ?" ಎಂದು. "ನಾನ ಕಂಡೇನ್ರಿ ಸರ್," ಎಂದಿದ್ದ ಅನಿಕೇತ. ಕಟ್ಟಿಗೆಯವಳ ಹೆಸರನ್ನು ಶಾಸ್ತ್ರದಲ್ಲಿ ಯಾರು ಬರೆಯುತ್ತಾರೆ? ಆ ಸುಳ್ಳು ಅವನಿಗೆ ಆಗಲೂ ಚುಚ್ಚಲಿಲ್ಲ, ಈಗಲೂ ಚುಚ್ಚಲಿಲ್ಲ.

ಬಸಯ್ಯ ಸರ್‌ಗೆ ಎಪ್ಪತ್ತೊಂದು. ನಿವೃತ್ತರಾದರೂ ಒಣಗಿಡಗಳ ಕೋಣೆಯ ಕೀಲಿ ಇನ್ನೂ ಅವರ ಜನಿವಾರದಷ್ಟೇ ಹತ್ತಿರ ಎಂದು ಕಾಯಂ ಮೇಷ್ಟರುಗಳು ನಗುತ್ತಿದ್ದರು. ಜಂಗಮರ ಮನುಷ್ಯನಿಗೆ ಜನಿವಾರವೆಲ್ಲಿಯದು, ಕೊರಳಲ್ಲಿ ಲಿಂಗದ ಕರಡಿಗೆ, ಅದರ ಪಕ್ಕದಲ್ಲೇ ಕೀಲಿ. ಅವರ ಖ್ಯಾತಿಯೆಲ್ಲ ನಾಲಿಗೆಯ ಮೇಲೆ ನಿಂತಿತ್ತು. ಯಾವ ಸಭೆಯಾದರೂ ಸರಿ, ಕೈಯಲ್ಲಿನ ಎಲೆಯನ್ನೋ, ಬೀಜಸಮೇತ ಹಣ್ಣನ್ನೋ ಕಚ್ಚಿ, ಕಣ್ಣುಮುಚ್ಚಿ ಜಗಿದು, ರುಚಿ ಹೇಳಿಯೇ ಮಾತು ಶುರು ಮಾಡುವರು. ಡಾಕ್ಟರರು ಬೇಡವೆಂದಿದ್ದರು, ಮಗಳು ಬೇಡವೆಂದಿದ್ದಳು. ಕೇಳಿದವರು ಯಾರು?

ಆದರೆ ಆ ನಾಲಿಗೆ ಸತ್ತು ನಾಲ್ಕು ವರ್ಷವಾಗಿತ್ತು. ಅದು ಗೊತ್ತಿದ್ದದ್ದು ಅನಿಕೇತನೊಬ್ಬನಿಗೇ. ಹೊಸ ಮರವನ್ನು ತೋರಿಸಲು ಕರೆದೊಯ್ದ ದಿನ ಸರ್ ಹಣ್ಣು ಕಚ್ಚಿ, ವಿದ್ಯಾರ್ಥಿಗಳಿಗೆ ಬೆನ್ನು ತಿರುಗಿಸಿ, ಪಿಸುಗುಟ್ಟಿದ್ದರು.

"ಅನಿಕೇತ, ಹೆಂಗೈತಿ ರುಚಿ? ಕೊರೊನಾ ಬಂದು ಹೋದಾಗಿಂದ ನನಗ ಸಕ್ಕರಿ, ಉಪ್ಪು, ಬೇವು ಎಲ್ಲಾ ಒಂದ ಆಗೈತಿ. ಯಾರ ಮುಂದೂ ಅನಬ್ಯಾಡ."

"ಸಿಹಿ ಐತ್ರಿ ಸರ್. ಹಿಂದಿಂದ ಒಂಚೂರು ಹುಳಿ."

ಸರ್ ವಿದ್ಯಾರ್ಥಿಗಳ ಕಡೆ ತಿರುಗಿ, ಗಂಭೀರವಾಗಿ, ಸಿಹಿ, ಹಿಂದಿನಿಂದ ಒಂಚೂರು ಹುಳಿ ಎಂದು ಹೇಳಿದ್ದರು. ಎಲ್ಲರೂ ಬರೆದುಕೊಂಡರು. ಅಂದಿನಿಂದ ಬಸಯ್ಯನವರ ನಾಲಿಗೆ ಅಂದರೆ ಅನಿಕೇತನ ನಾಲಿಗೆಯೇ. ಮರ ತೆಗೆದುಕೊಂಡ, ನಾಲಿಗೆ ತೆಗೆದುಕೊಂಡ, ಇನ್ನು ಹೆಸರೊಂದು ಬಿಟ್ಟಾನೆಯೇ ಎಂದು ಅನಿಕೇತ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಿದ್ದ.

ಉಪಾಯ ಇಲ್ಲಿಂದಲೇ ಹುಟ್ಟಿತು. ಕಾಸರಕದಿಂದ ಯಾರನ್ನೂ ಕೊಲ್ಲಲಾಗದು, ಏಕೆಂದರೆ ಅದರ ಕಹಿ ಸತ್ತವನನ್ನೂ ಎಬ್ಬಿಸಿ ಉಗುಳಿಸುತ್ತದೆ. ಇಡೀ ಬೆಳಗಾವಿಯಲ್ಲಿ ಅದನ್ನು ಜಗಿದು, ಸಿಹಿ ಎಂದು ಹೊಗಳಿ, ಬೀಜಸಮೇತ ನುಂಗಬಲ್ಲವನು ಒಬ್ಬನೇ. ಆ ಒಬ್ಬನೇ ಅವನಿಗೆ ಬೇಕಾಗಿದ್ದ. ದೇವರೇ ಅಳತೆ ತೆಗೆದು ಹೊಲಿದ ಅಂಗಿಯಂತಿತ್ತು ಈ ಉಪಾಯ.

ಫೆಬ್ರುವರಿಯ ಎರಡನೆಯ ಭಾನುವಾರ ಖಾನಾಪುರದಲ್ಲಿ ಸಭೆ ಇತ್ತು. ಹೊಸ ಮರವನ್ನು ಪತ್ರಕರ್ತರಿಗೆ, ಊರವರಿಗೆ ಪರಿಚಯಿಸುವ ಕಾರ್ಯಕ್ರಮ. ಮೇಜಿನ ಮೇಲೆ ಕಾಸರಕ, ಚಿಲ್ಲ, ಹೊಸ ಮರ ಮೂರರ ಹಣ್ಣುಗಳನ್ನೂ ಇಟ್ಟು ಹೋಲಿಸಿ ತೋರಿಸುವುದೆಂದು ಸರ್ ತಾವೇ ಹೇಳಿದ್ದರು. ಹೋಲಿಕೆ ಎಂದಮೇಲೆ ಕಾಸರಕದ ಹಣ್ಣು ಮೇಜಿನ ಮೇಲೆ ಏಕಿತ್ತೆಂದು ಮುಂದೆ ಯಾರೂ ಕೇಳುವಂತಿಲ್ಲ. ತಟ್ಟೆಗಳನ್ನು ಜೋಡಿಸುವುದು ಸರ್ ಅವರೇ. ಬೇರೆಯವರು ಮುಟ್ಟಿದರೆ ಸಿಟ್ಟಾಗುತ್ತಾರೆಂದು ಇಡೀ ಕಾಲೇಜಿಗೆ ಗೊತ್ತು. ಅನಿಕೇತ ಮಾಡಬೇಕಾದದ್ದು ಇಷ್ಟೇ: ಕಾಸರಕದ್ದೊಂದು, ಹೊಸ ಮರದ್ದೊಂದು, ಎರಡು ಬುಟ್ಟಿ ಹಣ್ಣು ತಂದು, ಯಾವುದು ಯಾವುದೆಂದು ದಾರಿಯಲ್ಲಿ ಬಾಯಿಮಾತಿನಲ್ಲಿ ಹೇಳುವುದು. ಉಲ್ಟಾ ಹೇಳುವುದು. ಆ ಮಾತು ಬಲ್ಲವರು ಇಬ್ಬರೇ, ಅವರಲ್ಲಿ ಒಬ್ಬರು ಸಂಜೆಗೆ ಇರುವುದಿಲ್ಲ. ನಾನು ಸರಿಯಾಗಿಯೇ ಹೇಳಿದ್ದೆ, ವಯಸ್ಸಾಗಿತ್ತು, ಮರೆತರು, ನಾಲಿಗೆಗೆ ಕಹಿಯೂ ತಿಳಿಯುತ್ತಿರಲಿಲ್ಲ ಎಂದು ಕಣ್ಣೊರೆಸಿಕೊಂಡರೆ ಮುಗಿಯಿತು.

ಒಂದೇ ಒಂದು ಸಂದು ಉಳಿದಿತ್ತು. ಅಷ್ಟು ದೊಡ್ಡ ಪಂಡಿತರಿಗೆ ಎರಡು ಹಣ್ಣುಗಳ ವ್ಯತ್ಯಾಸ ತಿಳಿಯಲಿಲ್ಲವೇ ಎಂದು ಯಾರಾದರೂ ಕೇಳಿದರೆ? ಅದನ್ನೂ ಅನಿಕೇತ ಮುಚ್ಚಿದ. ಮೇಜಿನ ಮೇಲಿಡುವ ವಿವರಣೆಯ ಫಲಕ ಬರೆಯುವ ಕೆಲಸ ಅವನದೇ. ಕೊನೆಯಲ್ಲಿ ಎರಡು ಸಾಲು ಸೇರಿಸಿದ: 'ಕಾಸರಕದ ಹಣ್ಣನ್ನೂ ಈ ಹಣ್ಣನ್ನೂ ಕಣ್ಣಿನಿಂದ ಬೇರ್ಪಡಿಸಲು ಎಂಥ ತಜ್ಞರಿಗೂ ಸಾಧ್ಯವಿಲ್ಲ. ರುಚಿಯೊಂದೇ ಗುರುತು.' ಕೆಳಗೆ ತನ್ನ ಹೆಸರು ಹಾಕಿದ. ಪ್ರಬಂಧದಲ್ಲಿಲ್ಲದಿದ್ದರೆ ಬೇಡ, ಫಲಕದಲ್ಲಾದರೂ ಇರಲಿ.

ಈ ದಿನಗಳಲ್ಲಿ ಹಾಳೆಯಲ್ಲಿ ಹೆಸರಿದ್ದ ಆ ಇಬ್ಬರ ನಡತೆ ಅವನ ಸಿಟ್ಟಿಗೆ ತುಪ್ಪ ಸುರಿಯುತ್ತಲೇ ಇತ್ತು. ಬಸಯ್ಯನವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ಶೈಸ್ತಾ ಅವನು ಕೋಣೆಗೆ ಬಂದರೆ ಸಾಕು, ಕಂಪ್ಯೂಟರಿನ ಪರದೆ ಬದಲಿಸುತ್ತಿದ್ದಳು. ಕಳ್ಳಿ, ಮುಖ ಕೊಟ್ಟು ಮಾತಾಡಲು ನಾಚಿಕೆ, ಎಂದುಕೊಂಡ. ಒಂದು ದಿನ ಆಕೆ, "ಸರ್, ನಿಮ್ಮದೊಂದು ಚೊಲೋ ಫೋಟೋ ಕೊಡ್ರಿ, ಬೇಕಾಗೇತಿ," ಎಂದಳು. ಸಭೆಯ ಗುರುತಿನ ಚೀಟಿಗಿರಬೇಕೆಂದು ಕೊಟ್ಟ. ಸ್ವಯಂಸೇವಕರ ಸಾಲಿನಲ್ಲಿ ನಿಲ್ಲಿಸುತ್ತಾರೆ, ಇನ್ನೇನು.

ಮುದುಕರಂತೂ ಇನ್ನೂ ಮೇಲು. ಕೋಟೆಯೊಳಗೆ ಕಮಲ ಬಸದಿಯ ಮುಂದೆ ಬೆಳಗಿನ ತಿರುಗಾಟಕ್ಕೆ ಜೊತೆಯಾದಾಗ ತಟ್ಟನೆ ನಿಂತು ಕೇಳಿದರು.

"ಅನಿಕೇತ, ನಿನ್ನ ಪೂರ್ತಿ ಹೆಸರು ಸರ್ಟಿಫಿಕೇಟಿನ್ಯಾಗ ಹೆಂಗೈತಿ ಹಂಗ ಬರದ ಕೊಡು."

"ಯಾಕ್ರಿ ಸರ್?"

"ಕೊಡಂದ್ರ ಕೊಡೋ. ಎಲ್ಲಾದಕ್ಕೂ ಯಾಕ ಅಂತೀ."

ಹನ್ನೊಂದು ವರ್ಷ ಜೊತೆಗಿದ್ದವನ ಪೂರ್ತಿ ಹೆಸರು ಇವರಿಗೆ ಗೊತ್ತಿಲ್ಲ. ಸಭೆಯಲ್ಲಿ ಸಹಕರಿಸಿದ್ದಕ್ಕೆ ಒಂದು ಪ್ರಶಸ್ತಿಪತ್ರ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಅನಿಕೇತ ಚೀಟಿಯಲ್ಲಿ ಹೆಸರು ಬರೆದುಕೊಟ್ಟ.

ಭಾನುವಾರ ನಸುಕಿನಲ್ಲಿ ಹೊರಡುವಾಗ ಸಮೃದ್ಧಿ ಇಳಕಲ್ ಸೀರೆಗೆ ಇಸ್ತ್ರಿ ಮಾಡುತ್ತಿದ್ದಳು.

"ನೀ ಎಲ್ಲಿಗೆ?"

"ನಮ್ಮ ಕಾಕೂನ ಮನಿಗೆ ಹೋಗಿ ಬರ್ತೀನ್ರಿ," ಎಂದಳು ತಲೆ ಎತ್ತದೆ. "ನೀವು ಹೊಸಾ ಅಂಗಿ ಹಾಕ್ಕೊಂಡ ಹೋಗ್ರಿ. ಅದ ನೀಲಿದು."

ಕಾಡಿಗೆ ಹೋಗುವವನಿಗೆ ಹೊಸ ಅಂಗಿಯೇಕೆ ಎಂದು ಗೊಣಗಿದರೂ ಹಾಕಿಕೊಂಡ. ಹೆಂಡತಿಯ ಜೊತೆ ವಾದಿಸಿ ಮನಸ್ಸು ಕೆಡಿಸಿಕೊಳ್ಳುವ ದಿನ ಅದಲ್ಲ.

ಗುಂಜಿಯಲ್ಲಿ ಮಂಜು ಇನ್ನೂ ಹಳಿಗಳ ಮೇಲೇ ಇತ್ತು. ಅನಿಕೇತ ಹಳ್ಳದ ಬಾಜೂಕಿನ ಹಳೆಯ ಕಾಸರಕದಿಂದ ದೊಡ್ಡ ಬುಟ್ಟಿ ತುಂಬಿದ, ತನ್ನ ಮರದಿಂದ ಸಣ್ಣ ಬುಟ್ಟಿ. ತನ್ನ ಮರ. ಅದರ ತೊಗಟೆಯ ಮೇಲೆ ಅಂಗೈ ಇಟ್ಟು ಒಂದು ನಿಮಿಷ ನಿಂತ. ಅಳು ಬರುವಂತಾಯಿತು. ಇಷ್ಟು ದಿನ ಕಾಪಾಡಿದ ಮಗಳನ್ನು ಬೇರೆಯವನೊಬ್ಬ ತನ್ನ ಮಗಳೆಂದು ಧಾರೆಯೆರೆಯಲು ಹೊರಟಂತಿತ್ತು. ಹಳ್ಳದಲ್ಲಿ ಕೈ ತೊಳೆದು, ಬುಟ್ಟಿಗಳಿಗೆ ಬಟ್ಟೆ ಕಟ್ಟಿ ಸ್ಟೇಷನ್ನಿಗೆ ಬಂದ. ಸರ್ ಬಾಡಿಗೆ ಕಾರಿನಲ್ಲಿ ಕಾದಿದ್ದರು. ಡ್ರೈವರ್ ಚಾ ಕುಡಿಯಲು ಹೋಗಿದ್ದ. ಇದಕ್ಕಿಂತ ಒಳ್ಳೆಯ ಗಳಿಗೆ ಕೇಳಿದರೂ ಸಿಗದು.

"ದೊಡ್ಡ ಬುಟ್ಟಿ ನಮ್ಮ ಮರದ್ದು ಸರ್. ಸಣ್ಣದು ಕಾಸರಕ."

"ದೊಡ್ಡದು ನಮ್ಮದು, ಸಣ್ಣದು ಕಾಸರಕ," ಎಂದು ಸರ್ ಮಕ್ಕಳಂತೆ ಒಪ್ಪಿಸಿ ನಕ್ಕರು. "ಇವತ್ತ ಭಾಳ ಖುಷಿ ಆಗೇತೋ ನನಗ."

ಖುಷಿಯಾಗಲಿ. ಖುಷಿಯಲ್ಲೇ ಹೋಗಲಿ.

ಖಾನಾಪುರದ ಸಭಾಭವನ ಹನ್ನೊಂದರ ಹೊತ್ತಿಗೆ ತುಂಬಿತ್ತು. ಕ್ಯಾಮೆರಾದವರು, ಮಾಸ್ತರರು, ಕನ್ನಡದಲ್ಲೂ ಮರಾಠಿಯಲ್ಲೂ ಮಾತಾಡುತ್ತ ಕುರ್ಚಿ ಎಳೆದಾಡುವ ಊರವರು. ಹಿಂದಿನ ಸಾಲಿನಲ್ಲಿ ಭರಮವ್ವನೂ ಯಾರದೋ ಜೊತೆ ಬಂದು ಕೂತಿದ್ದಳು. ಅನಿಕೇತ ಆಕೆಯ ಕಣ್ಣು ತಪ್ಪಿಸಿ ಗೋಡೆಗೆ ಒರಗಿ ನಿಂತ. ಮೇಜಿನಿಂದ ಹದಿನೈದು ಹೆಜ್ಜೆ ದೂರ. ಏನೇ ನಡೆದರೂ ತಾನು ಹತ್ತಿರ ಇರಲಿಲ್ಲವೆಂದು ಕ್ಯಾಮೆರಾಗಳೇ ಸಾಕ್ಷಿ ಹೇಳಬೇಕು. ಸರ್ ತಟ್ಟೆಗಳನ್ನು ಜೋಡಿಸಿದರು. ದೊಡ್ಡ ಬುಟ್ಟಿಯ ಹಣ್ಣುಗಳನ್ನು ಹೊಸ ಮರದ ಫಲಕದ ಮುಂದೆ ರಾಶಿ ಹಾಕಿದರು. ಒಂದನ್ನು ಒಡೆದು, ಹೋಳು ಮಾಡಿ ಕೈಗೆತ್ತಿಕೊಂಡರು. ಸರ್ ಕಚ್ಚಲಿಲ್ಲ.

"ನಲವತ್ತು ವರ್ಷ ಇಂಥಾ ಸಭಾದಾಗ ನಾನ ಮೊದಲ ರುಚಿ ನೋಡ್ತಿದ್ದೆ," ಎಂದರು ಮೈಕಿನಲ್ಲಿ. "ಇವತ್ತ ಒಂದ ಖರೇ ಮಾತ ಹೇಳ್ತೀನಿ. ನಾಲ್ಕ ವರ್ಷ ಆತು, ನನ್ನ ನಾಲಿಗಿಗೆ ಏನೂ ತಿಳಿಯೂದಿಲ್ಲ. ಈ ಹಣ್ಣಿಂದು ರುಚಿ ಕಂಡಾಂವ ನಾ ಅಲ್ಲ. ಈ ಮರಾ ಕಂಡಾಂವನೂ ನಾ ಅಲ್ಲ. ಅನಿಕೇತ, ಬಾ ಇಲ್ಲೆ."

ಶೈಸ್ತಾ ಹಿಂದಿನ ಪರದೆಯ ದಾರ ಎಳೆದಳು. ಬಟ್ಟೆಯ ಮೇಲೆ ಮರದ ಚಿತ್ರ, ಮರದ ಪಕ್ಕದಲ್ಲಿ ಅನಿಕೇತನ ಫೋಟೋ, ಕೆಳಗೆ ಒಂದು ಹೆಸರು: ಸ್ಟ್ರಿಕ್ನಾಸ್ ಅನಿಕೇತಿ. ಸಭೆ ಚಪ್ಪಾಳೆ ತಟ್ಟಿತು. ಪ್ರಬಂಧ ಅಂದು ಬೆಳಿಗ್ಗೆಯೇ ಪ್ರಕಟವಾಗಿತ್ತು. ಮೊದಲ ಸಾಲಿನ ಮೂಲೆಯಿಂದ ಇಳಕಲ್ ಸೀರೆಯ ಸಮೃದ್ಧಿ ಎದ್ದು ಬಂದಳು. ಅವಳ ಕಣ್ಣಲ್ಲಿ ನೀರಿತ್ತು.

"ಬಾರವ್ವಾ ತಂಗಿ," ಎಂದರು ಸರ್. "ಮನಿಯಾಗ ಹೇಳಬ್ಯಾಡ ಅಂದಿದ್ದೆ, ಹೇಳಲಿಲ್ಲ, ಚೊಲೋ ಮಾಡಿದಿ. ನಾಲ್ಕ ವರ್ಷ ಬರೇ ಇದರ ಸುದ್ದಿ ಕೇಳೀದಿ. ಮೊದಲ ಹಣ್ಣು ನಿನಗ."

ಸಮೃದ್ಧಿ ಎರಡೂ ಕೈಯಲ್ಲಿ, ಪ್ರಸಾದ ತೆಗೆದುಕೊಳ್ಳುವಂತೆ, ಹೋಳನ್ನು ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ಬಾಯಿಗೆ ಒಯ್ದಳು.

ಒಂದು ಗಳಿಗೆ ಅವನು ಸುಮ್ಮನಿದ್ದಿದ್ದರೆ ಸಾಕಿತ್ತು. ಅವಳ ನಾಲಿಗೆ ನೆಟ್ಟಗಿತ್ತು. ಕಹಿ ತಾಗಿದ ಕೂಡಲೇ ಉಗುಳುತ್ತಿದ್ದಳು, ತಟ್ಟೆ ಅದಲುಬದಲಾಗಿದೆ ಎಂದು ಎಲ್ಲರೂ ನಗುತ್ತಿದ್ದರು. ಒಬ್ಬನ ನಾಲಿಗೆಗೆಂದೇ ಹೆಣೆದ ಉಪಾಯ ಬೇರೆ ಯಾರನ್ನೂ ಕೊಲ್ಲುತ್ತಿರಲಿಲ್ಲ. ಇದೆಲ್ಲ ಅನಿಕೇತನಿಗೆ ಗೊತ್ತಿತ್ತು, ತಿಂಗಳಿಂದ ಗೊತ್ತಿತ್ತು. ಆದರೂ ಗೋಡೆಯ ಬಳಿಯಿಂದ, ಹದಿನೈದು ಹೆಜ್ಜೆ ದೂರದಿಂದ, ಅವನ ಗಂಟಲು ತಾನಾಗಿ ಕೂಗಿತು.

"ತಿನಬ್ಯಾಡ ಸಮೃದ್ಧಿ. ಕಾಸರಕ ಅದು. ಆ ತಟ್ಟ್ಯಾಗಿನವು ಎಲ್ಲಾ ಕಾಸರಕ."

ಹೋಳು ಅವಳ ಕೈಯಿಂದ ಬಿತ್ತು. ಚಪ್ಪಾಳೆ ನಿಂತಿತು. ಬಸಯ್ಯ ಸರ್ ತಟ್ಟೆಯನ್ನು ನೋಡಿದರು, ಕನ್ನಡಕ ಏರಿಸಿ ಅದರ ಮುಂದಿನ ಫಲಕವನ್ನು ಓದಿದರು, ಕೊನೆಯ ಎರಡು ಸಾಲುಗಳನ್ನು ಇನ್ನೊಮ್ಮೆ ಓದಿದರು. ಮೈಕು ಇನ್ನೂ ಚಾಲೂ ಇತ್ತು.

"ಕಣ್ಣಿಂದ ಯಾರಿಗೂ ಗುರುತ ಸಿಗೂದಿಲ್ಲಂತ ನೀನ ಬರದೀಯಲ್ಲೋ," ಎಂದರು ಮೆಲ್ಲಗೆ. "ದೊಡ್ಡ ಬುಟ್ಟಿ ನಮ್ಮದು ಅಂತ ನೀನ ಹೇಳಿದಿ. ಅಲ್ಲೆ ನಿಂತ ನಿನಗ ಹೆಂಗ ಗೊತ್ತಾತು?"

ಆಮೇಲೆ ಅವರಿಗೇ ಉತ್ತರ ಹೊಳೆದಿರಬೇಕು. ನಾಲ್ಕು ವರ್ಷದಿಂದ ತಾವು ನಂಬಿದ್ದ ನಾಲಿಗೆ ಯಾವುದು, ಇಂದು ಮೊದಲು ಕಚ್ಚಬೇಕಿದ್ದವರು ಯಾರು ಎಂದು ಲೆಕ್ಕ ಹಾಕಿ, ಮೇಜಿನ ಅಂಚು ಹಿಡಿದು ನಿಧಾನಕ್ಕೆ ಕುರ್ಚಿಯಲ್ಲಿ ಕೂತರು. ಸಮೃದ್ಧಿ ಗಂಡನನ್ನೇ ನೋಡುತ್ತಿದ್ದಳು. ಅನಿಕೇತ ಅವಳನ್ನು ನೋಡಲಾರದೆ ಪರದೆಯ ಮೇಲಿನ ತನ್ನ ಹೆಸರನ್ನು ನೋಡಿದ. ಪ್ರಬಂಧದ ಮೊದಲ ಪುಟದಲ್ಲಿ ಅದು ಏಕಿರಲಿಲ್ಲವೆಂದು ಈಗ ತಿಳಿಯಿತು. ಹೊಸ ಗಿಡಕ್ಕೆ ಯಾರೂ ತಮ್ಮ ಹೆಸರನ್ನು ತಾವೇ ಇಟ್ಟುಕೊಳ್ಳುವಂತಿಲ್ಲ. ಗಿಡ ಯಾರ ಹೆಸರು ಹೊರಬೇಕೋ ಅವರು ಬರೆದವರ ಸಾಲಿನಿಂದ ಹೊರಗೆ ನಿಲ್ಲಬೇಕು. ಬಸಯ್ಯನವರು ಹಾಕಿಕೊಟ್ಟ ಪದ್ಧತಿ ಅದು. ಆ ಪಾಠವನ್ನು ಪ್ರತಿ ಜುಲೈಯಲ್ಲಿ, ಮೊದಲ ವರ್ಷದವರಿಗೆ, ಹನ್ನೊಂದು ವರ್ಷ ಬಿಡದೆ ಹೇಳಿಕೊಟ್ಟವನು ಅವನೇ.